ಕೊರಳಿಂದ ಕೊರಳಿಗೆ

ಇದು ಎಲ್ಲಿ ಸಿಕ್ಕಿತು ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಲಿಫ್ಟಿನಲ್ಲಿ ಕೇಳುತ್ತಾರೆ, ಮದುವೆ ಹಾಲಿನಲ್ಲಿ ಕೇಳುತ್ತಾರೆ, ಬ್ಯಾಂಕಿನ ಕೌಂಟರಿನಲ್ಲಿ ಕೇಳುತ್ತಾರೆ. ಒಬ್ಬಳಂತೂ ಕೇಳುವ ಗೋಜಿಗೂ ಹೋಗದೆ ನನ್ನ ಕುತ್ತಿಗೆಗೆ ಕೈ ಹಾಕಿ, ಎತ್ತಿ ತಿರುಗಿಸಿ ನೋಡಿ, ಇಂಥದ್ದು ಆನ್‌ಲೈನಿನಲ್ಲಿ ಬರುತ್ತದಲ್ಲ, ಟ್ರೈಬಲ್ ಎಂದು ಹಾಕಿರುತ್ತಾರೆ, ಎಂದಳು. ಬರುತ್ತದೆ ಎಂದೆ. ಇನ್ನೇನು ಹೇಳುವುದು? ಒಂದು ಚಿಪ್ಪು, ಒಂದು ಹಲ್ಲು, ಒಂದು ತಾಮ್ರದ ಚೂರು, ಒಂದು ಕಲ್ಲು. ನಾಲ್ಕನ್ನೂ ಕರಿ ದಾರದಲ್ಲಿ ಪೋಣಿಸಿದ್ದು, ಅಷ್ಟೇ. ಚಿಪ್ಪು ಹೊಳೆಯದ್ದು, ಎಷ್ಟು ಹೆಂಗಸರ ಮೈಗೆ ಉಜ್ಜಿ ಉಜ್ಜಿಯೋ ಏನೋ ಉಗುರಿನಷ್ಟು ತೆಳ್ಳಗಾಗಿದೆ. ಹಲ್ಲು ಕಾಡುಹಂದಿಯ ಕೋರೆಯ ತುದಿ. ತಾಮ್ರ ಯಾವುದೋ ಒಡೆದ ಕೊಡದ ಅಂಚನ್ನು ಕತ್ತರಿಸಿ ಬಡಿದದ್ದು. ಕಲ್ಲು ಕಪ್ಪು, ನಡುವೆ ಒಂದು ಬಿಳಿ ಗೆರೆ. ಅಜ್ಜಿ ಇದಕ್ಕೆ ಸರ ಎಂದೂ ಹೇಳುತ್ತಿರಲಿಲ್ಲ, ಪದಕ ಎಂದೂ ಹೇಳುತ್ತಿರಲಿಲ್ಲ. ಕೊರಳಿನದ್ದು ಎನ್ನುತ್ತಿದ್ದಳು. ಒಂಬತ್ತನೆಯ ವಯಸ್ಸಿಗೆ ಇದು ನನ್ನ ಕೊರಳಿಗೆ ಬಂತು. ಬರಬಾರದಿತ್ತು. ಬಂದ ಮೇಲೆ ನಮ್ಮ ಮನೆಯಲ್ಲಿ ಆದದ್ದನ್ನು ಬರೆದರೆ ನಾನು ಯಾಕೆ ಹೀಗೆ, ಯಾರು ಏನು ಕೊಟ್ಟರೂ ಮೊದಲು ಇದು ಬೇರೆ ಯಾರದ್ದೋ ಇರಬೇಕು ಎಂದು ಯಾಕೆ ಅನುಮಾನಪಡುತ್ತೇನೆ ಎನ್ನುವುದು ನನಗಾದರೂ ಗೊತ್ತಾಗಬಹುದು.

ನಾವು ದುಬೈಯ ಅಲ್ ನಹ್ದಾದಲ್ಲಿ ಆರನೆಯ ಮಹಡಿಯ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿದ್ದೆವು. ಬಾಲ್ಕನಿಯಿಂದ ನೋಡಿದರೆ ರಸ್ತೆಯ ಆಚೆ ಶಾರ್ಜಾ, ಈಚೆ ನಾವು. ಅಪ್ಪ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಅಲ್ಯೂಮಿನಿಯಂ ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ. ಬೆಳಕು ಹರಿಯುವ ಮೊದಲು ಕಂಪೆನಿ ಬಸ್ಸಿಗೆ ಹೋದರೆ ಮರಳುವಾಗ ಅಂಗಿಯ ಜೇಬಿನಲ್ಲೂ ಲೋಹದ ಪುಡಿ. ಅಮ್ಮ ನರ್ಸ್, ಆಪರೇಷನ್ ಥಿಯೇಟರಿನಲ್ಲಿ. ಇಬ್ಬರೂ ಮನೆಗೆ ಬರುವುದು ದಣಿವು ಇಳಿಸಿಕೊಳ್ಳಲು ಮಾತ್ರ ಎಂದು ನನಗೆ ಆಗ ಅನಿಸುತ್ತಿತ್ತು. ಬೆಡ್‌ರೂಮಿನಲ್ಲಿ ಯಾವಾಗಲೂ ಯಾರೋ ಒಬ್ಬರು ಡ್ಯೂಟಿ ಮುಗಿಸಿ ಮಲಗಿರುತ್ತಿದ್ದರು, ಆದ್ದರಿಂದ ನಾನು ಕಲಿತ ಮೊದಲ ವಿದ್ಯೆ ಬಾಗಿಲಿನ ಹಿಡಿಯನ್ನು ಸದ್ದಿಲ್ಲದೆ ತಿರುಗಿಸುವುದು. ಟಿವಿ ಇತ್ತು, ಸೌಂಡ್ ಇರಲಿಲ್ಲ. ಊಟ ಒಟ್ಟಿಗೆ ಮಾಡುವುದು ಶುಕ್ರವಾರ ಮಾತ್ರ, ಅದೂ ಅಮ್ಮನಿಗೆ ಡ್ಯೂಟಿ ಇಲ್ಲದಿದ್ದರೆ. ಆಮೇಲೆ ತಮ್ಮ ಹುಟ್ಟಿದ. ಅಮ್ಮನ ರಜೆ ಒಂದೂವರೆ ತಿಂಗಳಿಗೆ ಮುಗಿಯಿತು. ಮಗುವನ್ನು ನೋಡಿಕೊಳ್ಳಲು ಅಪ್ಪನ ತಾಯಿಯನ್ನು ವಿಸಿಟ್ ವೀಸಾದಲ್ಲಿ ಕರೆಸಿದರು.

ಅಜ್ಜಿ ಕುಡುಬಿ ಹೆಂಗಸು, ಕರಾವಳಿಯ ಕಾಡಂಚಿನಲ್ಲಿ ಕೊಂಕಣಿ ಆಡುವ ಜನ. ನಾವು ಕುಡುಬಿಯರು ಎನ್ನುವುದನ್ನು ಅಪ್ಪ ದುಬೈಯಲ್ಲಿ ಯಾರಿಗೂ ಹೇಳುತ್ತಿರಲಿಲ್ಲ. ಯಾವ ಊರು ಎಂದರೆ ಉಡುಪಿ ಕಡೆ ಎಂದು ಮಾತು ಮುಗಿಸುತ್ತಿದ್ದ. ಅಜ್ಜಿಗೆ ಆ ಮುಜುಗರವೇ ಇರಲಿಲ್ಲ. ಬಂದ ವಾರದಲ್ಲೇ ಎದುರು ಫ್ಲಾಟಿನ ಲೀನಾ ಆಂಟಿಯ ಜೊತೆ ತನ್ನ ಕೊಂಕಣಿಯಲ್ಲಿ ಮಾತಿಗೆ ನಿಂತಳು. ಲೀನಾ ಆಂಟಿ ಮಂಗಳೂರಿನ ಕ್ರಿಶ್ಚಿಯನ್ ಕೊಂಕಣಿಯವರು. ಅಜ್ಜಿಯ ಮಾತು ಕೇಳಿ ನಕ್ಕು ನಕ್ಕು, ನಮ್ಮ ಮುತ್ತಜ್ಜಿ ಹೀಗೆ ಮಾತಾಡುತ್ತಿದ್ದಿರಬೇಕು ಎನ್ನುತ್ತಿದ್ದರು. ಅಮ್ಮನೊಂದಿಗೆ, ನನ್ನೊಂದಿಗೆ ಮಾತ್ರ ಅಜ್ಜಿ ಕನ್ನಡ ಮಾತಾಡುತ್ತಿದ್ದಳು. ಅಮ್ಮ ತುಳು ಮನೆಯವಳು. ಅಪ್ಪ ಅಮ್ಮನದು ಅವರೇ ನೋಡಿ ಮಾಡಿಕೊಂಡ ಮದುವೆ. ಇಬ್ಬರಿಗೂ ಸೇರಿದ ಭಾಷೆ ಕನ್ನಡವೇ ಆದ್ದರಿಂದ ನಮ್ಮ ಮನೆಯ ಮಾತು ಕನ್ನಡ. ಆದರೆ ಅಜ್ಜಿ ಸೊಸೆಯ ಜೊತೆ ಆಡುವ ಕನ್ನಡ ರೇಷನ್ ಅಂಗಡಿಯವನ ಹತ್ತಿರ ಆಡುವ ಕನ್ನಡದ ಹಾಗಿರುತ್ತಿತ್ತು. ಬೇಕಾದಷ್ಟೇ, ತೂಕ ಮಾಡಿ.

ಕೊರಳಿನದ್ದಕ್ಕೆ ಕಟ್ಟಳೆ ಇತ್ತು. ಕುಡುಬಿಯರಲ್ಲಿ ಎಲ್ಲರ ಮನೆಯಲ್ಲಿ ಹೀಗೆ ಉಂಟೋ ಇಲ್ಲವೋ ನನಗೆ ತಿಳಿಯದು, ನಮ್ಮ ಮನೆಯಲ್ಲಿತ್ತು. ಅದನ್ನು ನೆಲದ ಮೇಲೆ ಇಡುವಂತಿಲ್ಲ, ಡಬ್ಬಿಯಲ್ಲಿ ಹಾಕುವಂತಿಲ್ಲ, ಕೈಯಲ್ಲಿ ಹಿಡಿದುಕೊಂಡು ನಿಲ್ಲುವಂತಿಲ್ಲ. ಒಂದು ಕೊರಳಿಂದ ಬಿಚ್ಚಿದರೆ ಆ ಕ್ಷಣವೇ ಇನ್ನೊಂದು ಕೊರಳಿಗೆ ಕಟ್ಟಬೇಕು, ಅದೂ ಹೆಣ್ಣಿನ ಕೊರಳಿಗೆ. ಕಟ್ಟಿದ ಮೇಲೆ ಅದು ಅವಳದ್ದು, ಬಿಚ್ಚಿದವಳು ಮರಳಿ ಹಾಕಿಕೊಳ್ಳುವ ಹಾಗಿಲ್ಲ. ವರ್ಷಕ್ಕೊಮ್ಮೆ ದಾರ ಬದಲಿಸುವಾಗ ಕೂಡ ಅಜ್ಜಿ ಅದನ್ನು ತೆಗೆಯುತ್ತಿರಲಿಲ್ಲ. ಹೊಸ ದಾರವನ್ನು ಹಳೆಯದರ ಪಕ್ಕದಲ್ಲೇ ತೂರಿಸಿ, ಹಿಂದೆ ಗಂಟು ಹಾಕಿ, ಆಮೇಲೆ ಹಳೆಯದನ್ನು ಕತ್ತರಿಸುತ್ತಿದ್ದಳು. ಅತ್ತೆ ಇದನ್ನು ಸೊಸೆಗೆ ಕಟ್ಟುವುದಕ್ಕೂ ಒಂದು ಕಾಲವಿತ್ತು. ಸೊಸೆಯ ಚೊಚ್ಚಲ ಮಗುವಿನ ಮೊದಲ ಹಾಲುಹಲ್ಲು ಬಿದ್ದ ವರ್ಷ. ನನ್ನ ಹಲ್ಲು ಬಿದ್ದಾಗ ನನಗೆ ಆರು. ಅಮ್ಮ ಆ ಹಲ್ಲನ್ನು ಹತ್ತಿಯಲ್ಲಿ ಸುತ್ತಿ, ಪಾಸ್‌ಪೋರ್ಟ್ ಇಡುವ ಪೌಚಿನಲ್ಲಿ ಹಾಕಿ ರಜೆಗೆ ಊರಿಗೆ ಒಯ್ದಳು. ಅಂಗಳದಲ್ಲಿ ನಿಂತು ಅಜ್ಜಿಯ ಅಂಗೈಗೆ ಹಾಕಿದಳು. ಅಜ್ಜಿ ಹಲ್ಲನ್ನು ನೋಡಿ, ಚೆಂದ ಉಂಟು ಎಂದು ಹೇಳಿ, ಹೆಂಚಿನ ಮೇಲೆ ಎಸೆದು, ದನಕ್ಕೆ ಹುಲ್ಲು ಹಾಕಲು ಹೋದಳು. ಅಮ್ಮ ಆ ರಜೆಯ ಮೂವತ್ತು ದಿನವೂ ಕಾದಳು. ಇದನ್ನು ಅವಳು ನನಗೆ ಹೇಳಿದ್ದು ನಾನು ಕಾಲೇಜಿಗೆ ಹೋಗುವಾಗ, ಈರುಳ್ಳಿ ಹೆಚ್ಚುತ್ತಾ, ನನ್ನ ಕಡೆ ನೋಡದೆ.

ವಿಸಿಟ್ ವೀಸಾ ಮುಗಿಯಲು ಬಂತು. ರೆಸಿಡೆನ್ಸ್ ವೀಸಾ ಆಗಬೇಕಾದರೆ ಮೆಡಿಕಲ್, ಮೆಡಿಕಲ್ ಎಂದರೆ ಎದೆಯ ಎಕ್ಸ್-ರೇ. ಎದೆಯ ಮೇಲೆ ಲೋಹ, ಕಲ್ಲು, ಹಲ್ಲು ಏನೂ ಇರುವಂತಿಲ್ಲ. ಅಪ್ಪನಿಗೆ ಇದು ಹೊಳೆದೇ ಇರಲಿಲ್ಲ. ಏರ್‌ಪೋರ್ಟಿನಲ್ಲಿ ಯಾರಾದರೂ ಕೇಳಿದರೆ ಅದು ಆಡಿನ ಹಲ್ಲು ಎಂದು ಹೇಳಬೇಕು ಎನ್ನುವುದನ್ನು ಮಾತ್ರ ಫೋನಿನಲ್ಲಿ ಹತ್ತು ಸಲ ಹೇಳಿಕೊಟ್ಟಿದ್ದ. ಯಾರೂ ಕೇಳಿರಲಿಲ್ಲ. ಎಕ್ಸ್-ರೇ ವಿಷಯ ಗೊತ್ತಿದ್ದದ್ದು ಅಮ್ಮನಿಗೆ. ಒಂದು ಬೆಳಿಗ್ಗೆ ದೋಸೆ ತಿನ್ನುವಾಗ ಅವಳೇ ಎತ್ತಿದಳು.

“ಸೋಮವಾರ ನನಗೆ ಆಫ್. ಸೋಮವಾರ ಹೋಗುವ. ನಾನೂ ಬರ್ತೇನೆ.”

“ಅಪಾಯಿಂಟ್‌ಮೆಂಟ್ ಶನಿವಾರದ್ದು,” ಅಪ್ಪ ಹೇಳಿದ. “ಶನಿವಾರ ಹೇಗೋ ಅರ್ಧ ದಿನ ಕೇಳಿ ಇಟ್ಟಿದ್ದೇನೆ. ಮತ್ತೆ ಮತ್ತೆ ಲೀವ್ ಕೇಳಿದ್ರೆ ಖಲಾಸ್, ನನ್ನನ್ನೇ ಮನೆಗೆ ಕಳಿಸ್ತಾರೆ.”

“ಮತ್ತೆ ಅದನ್ನು ಎಂತ ಮಾಡುದು?” ಅಮ್ಮ ಗಲ್ಲದಿಂದ ಅಜ್ಜಿಯ ಕೊರಳು ತೋರಿಸಿದಳು. “ಅಲ್ಲಿ ತೆಗೀಲಿಕ್ಕೆ ಹೇಳ್ತಾರೆ.”

“ಐದು ನಿಮಿಷದ ಕೆಲಸ ಮಾರಾಯ್ತಿ. ಅದಕ್ಕೆ ಇಷ್ಟು ದೊಡ್ಡ ವಿಚಾರಣೆ ಎಂತಕ್ಕೆ?”

ಅಮ್ಮ ಎದ್ದು ಕಾವಲಿಗೆ ಇನ್ನೊಂದು ದೋಸೆ ಹಾಕಿದಳು. ತೆಗೆಯಲೇಬೇಕಾದರೆ ಪಕ್ಕದಲ್ಲಿ ನಿಂತಿರುವ ಕೊರಳು ತನ್ನದಾಗಿರಬೇಕು ಎಂದು ಅವಳು ಲೆಕ್ಕ ಹಾಕಿದ್ದಳು ಎನ್ನುವುದು ನನಗೆ ಎಷ್ಟೋ ವರ್ಷದ ಮೇಲೆ ಹೊಳೆಯಿತು. ಬಾಯಿ ಬಿಟ್ಟು ಕೇಳಲು ಅವಳ ಮಾನ ಬಿಡಲಿಲ್ಲ. ಅಪ್ಪನದು ಹೇಳದೆ ಅರ್ಥಮಾಡಿಕೊಳ್ಳುವ ಜಾಯಮಾನವಲ್ಲ. ಅಜ್ಜಿಗೆ ಎಲ್ಲ ಅರ್ಥವಾಗಿತ್ತು. ಅವಳು ದೋಸೆಯ ಚೂರಿನಿಂದ ತಟ್ಟೆ ಒರೆಸಿ ತಿಂದು ಎದ್ದು ಹೋದಳು. ಶನಿವಾರ ಅಮ್ಮ ಡ್ಯೂಟಿಗೆ ಹೊರಟ ಮೇಲೆ, ಮಗುವನ್ನು ಲೀನಾ ಆಂಟಿಯ ಹತ್ತಿರ ಬಿಟ್ಟು, ಅಜ್ಜಿ ನನ್ನ ತಲೆಗೆ ಎಣ್ಣೆ ಹಾಕಿ ಬಾಚಿದಳು. ಇವಳೂ ಬರಲಿ, ನನಗೆ ಅಲ್ಲಿ ಮಾತು ಬರುವುದಿಲ್ಲ, ಎಂದು ಅಪ್ಪನಿಗೆ ಹೇಳಿದ್ದು ಅವಳೇ.

ಮೆಡಿಕಲ್ ಸೆಂಟರಿನಲ್ಲಿ ಹೆಂಗಸರ ಕಡೆಗೆ ಅಪ್ಪನನ್ನು ಬಿಡಲಿಲ್ಲ. ಒಳಗೆ ನಾನು, ಅಜ್ಜಿ, ಸಾಲಾಗಿ ಕುರ್ಚಿಗಳು, ಏಸಿಯ ಚಳಿ. ಅಜ್ಜಿಗೆ ನೀಲಿ ಗೌನ್ ಹಾಕಿಸಿದರು. ಗೌನಿನ ಮೇಲೆ ಚಿಪ್ಪು, ಹಲ್ಲು ಎದ್ದು ಕಾಣುತ್ತಿದ್ದವು. ಎಕ್ಸ್-ರೇ ತೆಗೆಯುವವಳು ಮಲಯಾಳಿ ಚೇಚಿ, ಒಳ್ಳೆಯವಳೇ. ಹಿಂದಿಯಲ್ಲಿ, ಅಮ್ಮಾ ಅದನ್ನು ಬಿಚ್ಚಿ ಲಾಕರಿನಲ್ಲಿಡಿ ಎಂದು ಕೀಲಿ ಕೊಟ್ಟಳು. ನಾನು ಅದನ್ನು ಅಜ್ಜಿಗೆ ಹೇಳಿದೆ. ಅಜ್ಜಿ ಅಲ್ಲಾಡಲಿಲ್ಲ. ಹಿಂದೆ ನಿಂತ ಹೆಂಗಸರು ಯಲ್ಲಾ ಯಲ್ಲಾ, ಬೇಗ ಬೇಗ, ಎನ್ನತೊಡಗಿದರು. ನನಗೆ ನಾಚಿಕೆಯಾಗಿ ಸಾಯುವ ಹಾಗಾಯಿತು, ಕೈ ಚಾಚಿದೆ, ಬಾಯಿಗೆ ಬಂದದ್ದು ಸ್ಕೂಲಿನ ಇಂಗ್ಲಿಷ್.

“ಗಿವ್ ಇಟ್ ಟು ಮಿ, ಅಜ್ಜಿ. ಐ ವಿಲ್ ಹೋಲ್ಡ್ ಇಟ್.”

“ಕೈಯಲ್ಲಿ ಹಿಡಿಲಿಕ್ಕೆ ಅದೇನು ಬಸ್ಸಿನ ಟಿಕೇಟಾ? ತಿರುಗಿ ನಿಲ್ಲು.”

ತಿರುಗಿ ನಿಂತೆ. ಬೆನ್ನ ಹಿಂದೆ ಅಜ್ಜಿಯ ಉಸಿರು, ಗಂಟು ಬಿಚ್ಚುವ ಉಗುರಿನ ಸದ್ದು. ಆಮೇಲೆ ನನ್ನ ಎದೆಯ ಮೇಲೆ ಬೆಚ್ಚಗಿನ ಒಂದು ಭಾರ. ಅವಳ ಮೈಯ ಬಿಸಿ ಅದರಲ್ಲಿ ಇನ್ನೂ ಇತ್ತು. ಗಂಟು ಹಾಕಿ ಬಿಗಿದು, ನನ್ನ ತಲೆಯ ಮೇಲೆ ಕೈಯಿಟ್ಟು, ಬಾಳು ಎಂದು ಕೊಂಕಣಿಯಲ್ಲಿ ಹೇಳಿ ಒಳಗೆ ಹೋದಳು. ಐದು ನಿಮಿಷವೂ ಆಗಲಿಲ್ಲ. ಹೊರಗೆ ಬಂದಾಗ ನಾನು ದಾರಕ್ಕೆ ಕೈ ಹಾಕಿದೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. ಇನ್ನು ಇದು ನಂದಲ್ಲ ಎಂದಳು. ಮೂವತ್ತು ವರ್ಷ ದಾರವಿದ್ದ ಜಾಗದಲ್ಲಿ ಅವಳ ಕುತ್ತಿಗೆಯ ಸುತ್ತ ಒಂದು ಬಿಳಿ ಗೆರೆ ಉಳಿದಿತ್ತು. ಟ್ಯಾಕ್ಸಿಯಲ್ಲಿ ಅಪ್ಪ ಹಿಂತಿರುಗಿ ಒಮ್ಮೆ ನನ್ನ ಕೊರಳು ನೋಡಿದ, ಒಮ್ಮೆ ಅವಳ ಕೊರಳು ನೋಡಿದ. ಆಗ ಅವನಿಗೆ ಕಟ್ಟಳೆ ನೆನಪಾಯಿತು. ಮುಖ ತಿರುಗಿಸಿಕೊಂಡು ಮನೆ ತಲುಪುವವರೆಗೂ ರಸ್ತೆ ನೋಡಿದ. ನಾನು ಮಾತ್ರ ಖುಷಿಯಲ್ಲಿದ್ದೆ, ಸುಳ್ಳು ಹೇಳಿ ಏನು ಪ್ರಯೋಜನ? ಕ್ಲಾಸಿನಲ್ಲಿ ಯಾರ ಹತ್ತಿರವೂ ಇಲ್ಲದ್ದು ನನ್ನ ಹತ್ತಿರ ಇತ್ತು.

ಸಂಜೆ ಅಮ್ಮ ಬಂದಳು. ಥಿಯೇಟರಿನ ಒಳಗೆ ಒಡವೆ ಹಾಕುವಂತಿಲ್ಲ, ಆದ್ದರಿಂದ ಕರಿಮಣಿಯನ್ನೂ ಬ್ಯಾಗಿನ ಒಳಗೆ ಪಿನ್ ಮಾಡಿ ಇಟ್ಟುಕೊಳ್ಳುತ್ತಿದ್ದಳು. ದಣಿದು ಬಂದ ದಿನ ಅದನ್ನು ಮತ್ತೆ ಹಾಕಿಕೊಳ್ಳಲು ಮರೆಯುತ್ತಿದ್ದಳು. ಅಂದೂ ಬರಿ ಕೊರಳಿನಲ್ಲೇ ಒಳಗೆ ಬಂದು, ಚಪ್ಪಲಿ ಬಿಡುತ್ತಾ ನನ್ನನ್ನು ನೋಡಿದಳು. ಒಂದು ಚಪ್ಪಲಿ ಕಾಲಿನಲ್ಲೇ ಉಳಿಯಿತು. ಆಮೇಲೆ ಕೈತೊಳೆದು, ಮಗುವನ್ನು ಎತ್ತಿಕೊಂಡು ಹಾಲು ಕೊಡಲು ಕೂತಳು. ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದಾಗ ಕೇಳಿದಳು.

“ಸೋಮವಾರದವರೆಗೆ ಕಾಯ್ಲಿಕ್ಕೆ ಆಗ್ಲಿಲ್ವಾ ಅತ್ತೆ ನಿಮಗೆ?”

“ನಾನು ಎಂತ ಮಾಡುದು? ಅಲ್ಲಿ ತೆಗಿ ಅಂದ್ರು. ಪಕ್ಕದಲ್ಲಿ ಇವಳಿದ್ದಳು.”

“ಇವಳನ್ನು ಕರ್ಕೊಂಡು ಹೋದದ್ದು ಯಾರು?”

ಅಜ್ಜಿ ಸೆರಗಿನಿಂದ ಕೈ ಒರೆಸಿಕೊಂಡಳು. “ನಿನ್ನ ಕೆಲಸ ನೋಡು ಶೋಭಾ. ದಿನಾ ಬಿಚ್ಚಬೇಕು, ದಿನಾ ಕಟ್ಟಬೇಕು. ತಾಳಿಯೇ ನಿನ್ನ ಬ್ಯಾಗಿನಲ್ಲಿ ಇರ್ತದೆ. ಇದನ್ನು ಎಲ್ಲಿ ಇಡ್ತಿ ನೀನು?”

“ಕೇಳಿದ್ದೀರಾ ನನ್ನ ಹತ್ರ? ಮೂರು ವರ್ಷ ಆಯ್ತು, ಒಂದು ಸಲ ಕೇಳಿದ್ದೀರಾ? ವಾರ್ಡಿಗೆ ಹಾಕಿ ಅಂತ ನಾನು ಬರೆದು ಕೊಡ್ತಿದ್ದೆ. ಸಂಬಳ ಕಮ್ಮಿ ಆದ್ರೆ ಆಗ್ಲಿ.”

ಅಪ್ಪ ಬಾಲ್ಕನಿಗೆ ಹೋಗಿ ಒಣಗದ ಬಟ್ಟೆಯನ್ನೇ ತೆಗೆಯತೊಡಗಿದ. ಅಜ್ಜಿ ಹೇಳಿದ್ದು ಪೂರ್ತಿ ನೆಪವಲ್ಲ, ಪೂರ್ತಿ ನಿಜವೂ ಅಲ್ಲ. ತನ್ನ ಭಾಷೆ ಬಾರದ, ಮಗ ತಾನೇ ಹುಡುಕಿ ತಂದ ಹೆಣ್ಣಿಗೆ ಅದನ್ನು ಕಟ್ಟಲು ಅವಳ ಕೈ ಬರಲಿಲ್ಲ. ಆಪರೇಷನ್ ಥಿಯೇಟರ್ ಅನುಕೂಲಕ್ಕೆ ಸಿಕ್ಕಿತು.

ಅದರ ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಭಾರವಾಗುತ್ತದೆ. ಜಗಳವಾಗಿದ್ದರೆ ಒಳ್ಳೆಯದಿತ್ತು, ಆಗಲಿಲ್ಲ. ಅಜ್ಜಿ ಮಾಡಿದ ಮೀನಿನ ಸಾರನ್ನು ಅಮ್ಮ ಮುಟ್ಟಲಿಲ್ಲ, ಮೊಸರನ್ನ ಕಲಸಿಕೊಂಡು ನಿಂತೇ ತಿಂದಳು. ಅಮ್ಮ ಮಾಡಿದ ಚಹಾ ಅಜ್ಜಿಗೆ ಸೇರಲಿಲ್ಲ, ತಾನೇ ಬೇರೆ ಕಾಯಿಸಿಕೊಂಡಳು. ಅಪ್ಪ ಎರಡೂ ಕಡೆ ಎರಡೆರಡು ಸಲ ತಿಂದು, ಹೊಟ್ಟೆ ಸರಿಯಿಲ್ಲ ಎನ್ನುತ್ತಾ ಓಡಾಡಿದ. ಮಗುವಿನ ಲಂಗೋಟಿ, ಹಾಲು, ಜ್ವರದ ಔಷಧಿ, ಎಲ್ಲವೂ ನನ್ನ ಮೂಲಕ. ಮಗು ಎಷ್ಟು ಹೊತ್ತಿಗೆ ಮಲಗಿತು ಎಂದು ಅಜ್ಜಿಯನ್ನು ಕೇಳು. ಎರಡು ಗಂಟೆಗೆ ಎಂದು ಅಮ್ಮನಿಗೆ ಹೇಳು. ಇಬ್ಬರೂ ಒಂದೇ ಹಾಲಿನಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ ಕೂತಿರುತ್ತಿದ್ದರು. ಅಮ್ಮ ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಅದೇ ನನಗೆ ತಡೆಯಲಾಗದ್ದು. ಸ್ನಾನ ಮಾಡಿಸುವಾಗ ದಾರವನ್ನು ಎರಡು ಬೆರಳಿನಿಂದ ಎತ್ತಿ ಕುತ್ತಿಗೆಯ ಹಿಂದೆ ಸೋಪು ಹಚ್ಚಿ, ಹಾಗೆಯೇ ಇಳಿಸುತ್ತಿದ್ದಳು, ರೋಗಿಯ ಪೈಪನ್ನು ಸರಿಸಿದ ಹಾಗೆ. ನಾಲ್ಕನೆಯ ದಿನಕ್ಕೆ ನನ್ನ ಖುಷಿ ಇಳಿದು ಹೋಯಿತು. ಹಲ್ಲಿನ ತುದಿ ನಿದ್ದೆಯಲ್ಲಿ ಚುಚ್ಚುತ್ತಿತ್ತು. ಇದು ಅಮ್ಮನದ್ದು, ನಾನು ಕದ್ದಿದ್ದೇನೆ ಎಂದು ಅನಿಸತೊಡಗಿತು. ಕದ್ದದ್ದನ್ನು ಮರಳಿಸಬಹುದು ಎಂದು ಒಂಬತ್ತು ವರ್ಷದ ತಲೆಗೆ ಹೊಳೆಯಿತು.

ಶುಕ್ರವಾರ ಅಮ್ಮನಿಗೆ ಮಧ್ಯಾಹ್ನದ ಶಿಫ್ಟ್. ಅಪ್ಪ ತರಕಾರಿಗೆ ಹೋಗಿದ್ದ. ಮಗು ಜ್ವರದಲ್ಲಿ ಹಿಂದಿನ ದಿನವಿಡೀ ಅತ್ತಿತ್ತು, ಅಮ್ಮ ಊಟಕ್ಕೆ ಮೊದಲು ಸ್ವಲ್ಪ ಕಣ್ಣು ಮುಚ್ಚುತ್ತೇನೆ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಬಾಗಿಲಿನ ಹಿಡಿಯನ್ನು ಸದ್ದಿಲ್ಲದೆ ತಿರುಗಿಸಿ ಒಳಗೆ ಹೋದೆ. ಗಂಟನ್ನು ಮುಂದಕ್ಕೆ ತಂದು ಹಲ್ಲಿನಿಂದ ಬಿಚ್ಚಿದೆ. ಕೈಯಲ್ಲಿ ಹೆಚ್ಚು ಹೊತ್ತು ಹಿಡಿಯಬಾರದು ಎಂದು ಗಡಿಬಿಡಿಯಲ್ಲಿ ಅವಳ ಕುತ್ತಿಗೆಯ ಅಡಿಗೆ ದಾರ ತೂರಿಸಿ, ಹಿಂದೆ ಗಂಟು ಹಾಕಿದೆ. ನನಗೆ ಬರುತ್ತಿದ್ದದ್ದು ಶೂ ಲೇಸಿನ ಗಂಟು ಒಂದೇ, ಅದನ್ನೇ ಹಾಕಿದೆ. ಅಮ್ಮನಿಗೆ ಎಚ್ಚರವಾಗಲಿಲ್ಲ. ಅಷ್ಟು ದಣಿದಿದ್ದಳು. ಸ್ವಲ್ಪ ಹೊತ್ತಿಗೆ, ಅಮ್ಮನನ್ನು ಡ್ಯೂಟಿಗೆ ಎಬ್ಬಿಸು ಎಂದು ನನಗೆ ಹೇಳಲು ಬಂದ ಅಜ್ಜಿ ಬಾಗಿಲಲ್ಲೇ ನಿಂತಳು. ನನ್ನ ಕೊರಳು ನೋಡಿದಳು, ಮಂಚ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಎಬ್ಬಿಸಲೂ ಇಲ್ಲ. ತೊಟ್ಟಿಲಲ್ಲಿ ಮಿಸುಕಾಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು.

ಅಮ್ಮ ತಾನಾಗಿಯೇ ಎದ್ದಳು. ಕೈ ಕೊರಳಿಗೆ ಹೋಯಿತು. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದಳು. ನಲ್ಲಿ ಬಹಳ ಹೊತ್ತು ಸುರಿಯಿತು. ಹೊರಗೆ ಬಂದಾಗಲೂ ಅದು ಅವಳ ಕೊರಳಲ್ಲೇ ಇತ್ತು, ಯೂನಿಫಾರ್ಮಿನ ಮೇಲೆ. ಕಣ್ಣು ಕೆಂಪಾಗಿತ್ತು. ಅವಳಿಗೆ ಅದು ಒಪ್ಪುತ್ತಿತ್ತು, ನನಗಿಂತ ಎಷ್ಟೋ ಚೆನ್ನಾಗಿ. ಎಲ್ಲ ಸರಿಯಾಯಿತು ಎಂದು ನನಗೆ ಉಸಿರು ಬಂತು. ಅಜ್ಜಿ ಮಗುವನ್ನು ತಟ್ಟುತ್ತಾ ಸೋಫಾದಲ್ಲಿ ಕೂತಿದ್ದವಳು ತಲೆಯೆತ್ತಿದಳು.

“ಇರ್ಲಿ ಬಿಡು ಶೋಭಾ. ಕೊರಳಿಗೆ ಬಂದದ್ದು ಬಂತು. ಯಾರು ಕಟ್ಟಿದ್ರೂ ಒಂದೇ.”

“ಒಂದೇ ಅಲ್ಲ ಅತ್ತೆ.” ಅಮ್ಮನ ಸ್ವರ ಏರಲಿಲ್ಲ. “ಇವಳು ಕಟ್ಟಿದ್ರೆ ನನಗೆ ಒಬ್ಳು ಮಗಳು ಇದ್ದಾಳೆ ಅಂತ ಅಷ್ಟೇ. ಅದು ನನಗೆ ಗೊತ್ತುಂಟು. ನೀವು ಕಟ್ಟಿದ್ರೆ ನಾನು ಈ ಮನೆಯವಳು ಅಂತ ಆಗ್ತಿತ್ತು.”

ಅಜ್ಜಿಯ ತಟ್ಟುವ ಕೈ ನಿಂತಿತು. ಅಮ್ಮ ನನ್ನನ್ನು ಹತ್ತಿರ ಕರೆದು, ಶೂ ಲೇಸಿನ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿ, ಕಟ್ಟಳೆಯನ್ನೂ ಲೆಕ್ಕಿಸದೆ ಮತ್ತೆ ನನ್ನ ಕೊರಳಿಗೇ ಕಟ್ಟಿದಳು. ಆಪರೇಷನ್ನಿನ ಗಾಯಕ್ಕೆ ಹಾಕುವಂಥ ಗಂಟು, ಜಾರದ್ದು. ತಟ್ಟೆಯಲ್ಲಿ ಮುಚ್ಚಿಟ್ಟ ಊಟವನ್ನು ತೆರೆದು ನೋಡಿ ಹಾಗೆಯೇ ಮುಚ್ಚಿದಳು. ಬ್ಯಾಗ್ ತೆಗೆದುಕೊಂಡು, ಮಗುವಿಗೆ ನಾಲ್ಕು ಗಂಟೆಗೆ ಔಷಧಿ ಎಂದು ನನಗೆ ಹೇಳಿ, ಬಾಗಿಲು ಎಳೆದುಕೊಂಡು ಹೋದಳು. ಅಜ್ಜಿ ಬಾಗಿಲನ್ನೇ ನೋಡುತ್ತಾ ಕೂತಿದ್ದಳು.

“ಅವಳು ಹೇಳಿದ್ದು ಸರಿ,” ಎಂದಳು. “ನಾನು ಕಟ್ಟಬೇಕಿತ್ತು.”

“ಹಾಗಾದ್ರೆ ಟೆಲ್ ಹರ್, ಅಜ್ಜಿ. ಅಮ್ಮನ ಹತ್ರ ಹೇಳಿ.”

ಅಜ್ಜಿ ಮಗುವನ್ನು ನನ್ನ ತೊಡೆಗೆ ಹಾಕಿ ಎದ್ದಳು. ಬರಿಗಾಲಿನಲ್ಲೇ ಲಿಫ್ಟಿನವರೆಗೆ ಹೋದಳು. ಲಿಫ್ಟ್ ಕೆಳಗೆ ಹೋಗಿಯಾಗಿತ್ತು. ಗುಂಡಿ ಒತ್ತಲು ಅವಳಿಗೆ ತಿಳಿಯುತ್ತಿತ್ತು, ಒತ್ತಲಿಲ್ಲ. ಮರಳಿ ಬಂದು, ರಾತ್ರಿ ಬರಲಿ, ಹೇಳುತ್ತೇನೆ ಎಂದಳು. ರಾತ್ರಿ ಹೇಳಲಿಲ್ಲ. ಮರುದಿನ ಅಮ್ಮನ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿದಳು, ಅಮ್ಮ ತಿಂದಳು. ಅಲ್ಲಿಂದ ಮುಂದೆ ಇಬ್ಬರೂ ಮಾತಾಡಿದರು, ಮಗುವಿನ ಬಗ್ಗೆ, ಸೊಪ್ಪಿನ ಬಗ್ಗೆ, ಕರೆಂಟ್ ಬಿಲ್ಲಿನ ಬಗ್ಗೆ. ಆರು ವರ್ಷ ಒಂದೇ ಸೂರಿನಡಿ ಇದ್ದರು. ಅಜ್ಜಿಯ ಕಾಲು ನೀವಿದ್ದೂ, ಕೊನೆಗೆ ಅವಳಿಗೆ ಮಾತ್ರೆ ನುಂಗಿಸಿದ್ದೂ ಅಮ್ಮನೇ. ಆ ಒಂದು ಮಾತು ಮಾತ್ರ ಅಜ್ಜಿಯ ಬಾಯಿಂದ ಬರಲಿಲ್ಲ.

ಅಜ್ಜಿ ಹೋದ ಮೇಲೆ ನಾನು ಅದನ್ನು ಅಮ್ಮನಿಗೆ ಹೇಳಿದೆ. ನಾನು ಕಟ್ಟಬೇಕಿತ್ತು ಎಂದು ಅಜ್ಜಿ ಒಪ್ಪಿಕೊಂಡಿದ್ದಳು, ನಿನ್ನ ಹಿಂದೆಯೇ ಲಿಫ್ಟಿನವರೆಗೆ ಬಂದಿದ್ದಳು ಎಂದೆ. ಅಮ್ಮ ಮಡಚುತ್ತಿದ್ದ ಯೂನಿಫಾರ್ಮನ್ನು ಪೂರ್ತಿ ಮಡಚಿ ಕಪಾಟಿನಲ್ಲಿಟ್ಟಳು.

“ಹೌದಾ,” ಎಂದಳು. “ಅದನ್ನೂ ನೀನೇ ತಂದು ಕೊಡಬೇಕಾಯ್ತಾ?”